ಆಟಿಸಂ ಮಕ್ಕಳ ಸಂಸ್ಥೆಗೆ ಕಲಬುರಗಿಯಲ್ಲಿ ಒತ್ತಾಸೆಯಾಗುವುದು ಹೇಗೆ: ಅರಿವಿನಿಂದ ನಿಧಿ ಸಂಗ್ರಹದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಕೊಡುವ ಕೈಗಳಿಗೆ ಬರವಿಲ್ಲ. ಶರಣಬಸವೇಶ್ವರರ ದಾಸೋಹವನ್ನು ನೋಡುತ್ತ ಬೆಳೆದ ಊರಿದು. ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಯಾವುದಾದರೊಂದು ಶಾಲೆಗೆ ಹೋಗಿ ಏನಾದರೂ ಹಂಚಿ ಬರುವ ಮನಸ್ಸು ಇಲ್ಲಿನ ಸಾಮಾನ್ಯ ಕುಟುಂಬಗಳಿಗೂ ಇದೆ. ನಾನು ಕೆಲವು ವರ್ಷ ಆಟಿಸಂ ಇರುವ ಮಕ್ಕಳ ಸಣ್ಣ ಸಂಸ್ಥೆಯೊಂದರಲ್ಲಿ ರಸೀದಿ ಪುಸ್ತಕ ಹಿಡಿದು ಕುಳಿತಿದ್ದಾಗ, ಆ ಮನಸ್ಸು ಬಾಳೆಹಣ್ಣು ಮತ್ತು ಬಿಸ್ಕತ್ತಿನ ರೂಪದಲ್ಲಿ ವಾರಕ್ಕೆರಡು ಸಲವಾದರೂ ಬಾಗಿಲಿಗೆ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಎರಡು ತಿಂಗಳ ಸಂಬಳ ತಡವಾದ ಕಾರಣಕ್ಕೆ ಸ್ಪೀಚ್ ಥೆರಪಿಸ್ಟ್ ಕೆಲಸ ಬಿಟ್ಟು ಹೈದರಾಬಾದಿಗೆ ಹೋದರು. ಅವರ ಬಳಿ ಚಿತ್ರದ ಕಾರ್ಡು ತೋರಿಸಿ ನೀರು ಕೇಳುವುದನ್ನು ಕಲಿತಿದ್ದ ಒಬ್ಬ ಹುಡುಗ, ಹೊಸಬರು ಬರುವ ಹೊತ್ತಿಗೆ ಆ ಕಾರ್ಡನ್ನು ಮುಟ್ಟುವುದನ್ನೇ ಬಿಟ್ಟಿದ್ದ. ಆ ಎರಡು ತಿಂಗಳೂ ಬಿಸ್ಕತ್ತು ಬಂದಿತ್ತು.

ಈ ಮಾರ್ಗದರ್ಶಿಯಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ: ಆಟಿಸಂ ಸಂಸ್ಥೆಗೆ ಬೇಕಾಗುವುದು ಒಂದು ದಿನದ ದೊಡ್ಡ ಉಪಕಾರವಲ್ಲ, ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ. ಮಗುವಿನ ಕಲಿಕೆ ವರ್ಷಗಟ್ಟಲೆ, ಒಬ್ಬರೇ ಪರಿಚಿತ ವ್ಯಕ್ತಿಯ ಕೈಯಲ್ಲಿ, ಒಂದೇ ಕ್ರಮದಲ್ಲಿ ನಡೆಯಬೇಕಾಗಿರುವುದರಿಂದ ಅದಕ್ಕೆ ಬರುವ ಹಣಕ್ಕೂ ಅದೇ ಕ್ರಮ ಇರಬೇಕು. ಆಟಿಸಂ ಎಂದರೇನೆಂದು ತಿಳಿದವನು ಮಾತ್ರ ಹೀಗೆ ತಿಂಗಳು ತಿಂಗಳೂ ಕೊಡುತ್ತಾನೆ. ಆದ್ದರಿಂದ ಅರಿವು ಮೂಡಿಸುವುದು ಮತ್ತು ಹಣ ಕೂಡಿಸುವುದು ಬೇರೆ ಬೇರೆ ಕೆಲಸಗಳಲ್ಲ.

ಮೊದಲ ಹೆಜ್ಜೆ: ಸಂಸ್ಥೆಯನ್ನು ಹೋಗಿ ನೋಡಿ, ಕಾಗದ ಕೇಳಿ

ಯಾವ ಸಂಸ್ಥೆಯ ಪರವಾಗಿ ನಾಲ್ಕು ಜನರ ಮುಂದೆ ಕೈಚಾಚಲಿದ್ದೀರೋ ಅಲ್ಲಿ ಮೊದಲು ಅರ್ಧ ದಿನ ಸುಮ್ಮನೆ ಕುಳಿತು ಬನ್ನಿ. ಮಕ್ಕಳು ಅಳುವಾಗ ಸಿಬ್ಬಂದಿ ಏನು ಮಾಡುತ್ತಾರೆ, ಒಬ್ಬ ಶಿಕ್ಷಕಿಯ ಬಳಿ ಎಷ್ಟು ಮಕ್ಕಳಿದ್ದಾರೆ, ತಾಯಂದಿರನ್ನು ಒಳಗೆ ಬಿಡುತ್ತಾರೆಯೇ ಇಲ್ಲವೇ ಗೇಟಿನಲ್ಲೇ ನಿಲ್ಲಿಸುತ್ತಾರೆಯೇ ಎಂಬುದನ್ನು ಗಮನಿಸಿ. ಮಗುವನ್ನು ಹೊಡೆದೋ ಕಟ್ಟಿಹಾಕಿಯೋ ‘ಶಿಸ್ತು’ ಕಲಿಸುವ ಜಾಗವಾದರೆ ಅದರ ಕಾಗದಪತ್ರ ಎಷ್ಟೇ ಸರಿಯಿದ್ದರೂ ನೀವು ಅಲ್ಲಿಂದ ಎದ್ದು ಬರುವುದು ಒಳಿತು. ಕಂಡದ್ದನ್ನು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು ಕರ್ತವ್ಯ.

ಆಮೇಲೆ ಕಾಗದ. ಸಂಸ್ಥೆಯು ಟ್ರಸ್ಟ್ ಆಗಿದ್ದರೆ ಅದರ ಪತ್ರ, ಸಂಘವಾಗಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯ ನೋಂದಣಿ ಪ್ರಮಾಣಪತ್ರ, ಸಂಸ್ಥೆಯ ಹೆಸರಿನ ಪ್ಯಾನ್, ಕಳೆದ ಮೂರು ವರ್ಷಗಳ ಆಡಿಟ್ ವರದಿ, ಆದಾಯ ತೆರಿಗೆಯ 12ಎಬಿ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿಯ ಪ್ರತಿಗಳನ್ನು ಕೇಳಿ ಪಡೆಯಿರಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಇಂತಹ ಸಂಸ್ಥೆ ಸಕ್ಷಮ ಪ್ರಾಧಿಕಾರದಿಂದಲೂ ನೋಂದಣಿ ಪಡೆದಿರಬೇಕು. ವಿಶೇಷ ಶಿಕ್ಷಕರು ಮತ್ತು ಸ್ಪೀಚ್ ಥೆರಪಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಅವರ ನೋಂದಣಿ ಸಂಖ್ಯೆ ಕೇಳಿದರೆ ಒಳ್ಳೆಯ ಸಂಸ್ಥೆ ಮುಖ ಗಂಟಿಕ್ಕುವುದಿಲ್ಲ. ಇದನ್ನೆಲ್ಲ ಕೇಳಲು ಸಂಕೋಚವಾಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ನಾಳೆ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಡತಿ ಅಂಗಡಿಯ ಸಾಹುಕಾರರು ಇದೇ ಪ್ರಶ್ನೆಗಳನ್ನು ನಿಮಗೆ ಕೇಳುತ್ತಾರೆ, ಆಗ ಕಾಗದ ನಿಮ್ಮ ಚೀಲದಲ್ಲಿರಬೇಕು.

ಎರಡನೆಯ ಹೆಜ್ಜೆ: ವಿಷಯವನ್ನು ಮೊದಲು ನೀವು ಕಲಿಯಿರಿ

ಆಟಿಸಂ, ಅಂದರೆ ಸ್ವಲೀನತೆ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಸ್ಥಿತಿ. ಅದು ಹುಟ್ಟಿನಿಂದಲೇ ಬರುವಂಥದ್ದು, ಬದುಕಿನುದ್ದಕ್ಕೂ ಇರುವಂಥದ್ದು. ಮಾತು ಮತ್ತು ಸಂವಹನ, ಇತರರೊಂದಿಗಿನ ಒಡನಾಟ, ಮತ್ತೆ ಮತ್ತೆ ಮಾಡುವ ಒಂದೇ ಬಗೆಯ ನಡವಳಿಕೆ, ಶಬ್ದ ಬೆಳಕು ಸ್ಪರ್ಶಗಳಿಗೆ ತೋರುವ ಅತಿಯಾದ ಅಥವಾ ತೀರ ಕಡಿಮೆಯಾದ ಪ್ರತಿಕ್ರಿಯೆ, ಇವುಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಒಬ್ಬರಲ್ಲಿ ಕಂಡಂತೆ ಇನ್ನೊಬ್ಬರಲ್ಲಿ ಕಾಣುವುದಿಲ್ಲ; ಮಾತೇ ಬಾರದವರೂ ಇದ್ದಾರೆ, ಎಂಜಿನಿಯರಿಂಗ್ ಮುಗಿಸಿ ದುಡಿಯುತ್ತಿರುವವರೂ ಇದ್ದಾರೆ. ಅನುವಂಶೀಯತೆಯ ಪಾತ್ರ ಇದರಲ್ಲಿ ದೊಡ್ಡದು.

ಇಷ್ಟೇ ಮುಖ್ಯವಾದದ್ದು ಅದು ಏನಲ್ಲ ಎಂಬುದು. ತಾಯಿ ಮುದ್ದು ಮಾಡಲಿಲ್ಲವೆಂದು, ಗರ್ಭಿಣಿ ಗ್ರಹಣದಲ್ಲಿ ಹೊರಗೆ ಬಂದಳೆಂದು, ಗಾಳಿ ಸೋಕಿತೆಂದು ಆಟಿಸಂ ಬರುವುದಿಲ್ಲ. ಲಸಿಕೆಯಿಂದಲೂ ಬರುವುದಿಲ್ಲ: ಹಾಗೆಂದು ಸಂಶಯ ಹುಟ್ಟಿಸಿದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಇದನ್ನು ಪೂರ್ತಿ ವಾಸಿ ಮಾಡುವ ಔಷಧಿಯಿಲ್ಲ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಬಳಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡುವುದಿಲ್ಲ. ಆದರೂ ಲಕ್ಷಗಟ್ಟಲೆ ಹಣ ಕೇಳುವವರಿದ್ದಾರೆ, ಹೊಲ ಮಾರಿ ಕೊಡುವ ಪಾಲಕರೂ ಇದ್ದಾರೆ. ‘ವಾಸಿ ಮಾಡಿಸುತ್ತೇವೆ’ ಎಂಬ ಭರವಸೆಯ ಮೇಲೆ ಹಣ ಕೂಡಿಸುವ ಅಭಿಯಾನದಲ್ಲಿ ನಿಮ್ಮ ಹೆಸರು ಎಂದೂ ಸೇರದಿರಲಿ.

ಸಂಖ್ಯೆ ಕೇಳುವವರಿಗೆ ಹೀಗೆ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25 ಲಕ್ಷ 66 ಸಾವಿರ. ಆ ಲೆಕ್ಕವನ್ನು ಇಲ್ಲಿಗೆ ಹಚ್ಚಿ ನೋಡಿದರೆ ಇಪ್ಪತ್ತು ಸಾವಿರದ ಆಸುಪಾಸಿಗೆ ಬರುತ್ತದೆ. ಇದು ಎಣಿಸಿದ ಸಂಖ್ಯೆಯಲ್ಲ, ಗುಣಿಸಿದ ಸಂಖ್ಯೆ ಎಂಬುದನ್ನು ಹೇಳಿಯೇ ಹೇಳಿ. ಎಣಿಸುವುದಾದರೂ ಹೇಗೆ, ಆ ಜನಗಣತಿಯ ಅಂಗವೈಕಲ್ಯದ ಪಟ್ಟಿಯಲ್ಲಿ ಆಟಿಸಂ ಎಂಬ ಕಾಲಮ್ಮೇ ಇರಲಿಲ್ಲ. 1995ರ ಹಳೆಯ ಕಾಯ್ದೆ ಗುರುತಿಸಿದ್ದ ಏಳು ಬಗೆಗಳಲ್ಲಿಯೂ ಅದು ಇರಲಿಲ್ಲ. 21 ಬಗೆಗಳನ್ನು ಗುರುತಿಸಿದ 2016ರ ಕಾಯ್ದೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಮೂರನೆಯ ಹೆಜ್ಜೆ: ಅಗತ್ಯವನ್ನು ತಿಂಗಳ ಲೆಕ್ಕಕ್ಕೆ ಇಳಿಸಿ

‘ಸಂಸ್ಥೆಗೆ ಸಹಾಯ ಮಾಡಿ’ ಎಂದರೆ ಕೇಳಿದವರು ಕಿಸೆಯಲ್ಲಿದ್ದ ನೂರು ರೂಪಾಯಿ ಕೊಟ್ಟು ಮರೆಯುತ್ತಾರೆ. ಮುಖ್ಯಸ್ಥರ ಜತೆ ಕುಳಿತು ಒಂದು ಹಾಳೆಯಲ್ಲಿ ತಿಂಗಳ ಖರ್ಚು ಬರೆಯಿರಿ: ಬಾಡಿಗೆ, ಕರೆಂಟು, ಪ್ರತಿಯೊಬ್ಬ ಸಿಬ್ಬಂದಿಯ ಸಂಬಳ, ಆಟೊ ಅಥವಾ ವ್ಯಾನಿನ ಬಾಬತ್ತು, ಕಲಿಕಾ ಸಾಮಗ್ರಿ. ಪಕ್ಕದಲ್ಲಿ ಪಾಲಕರಿಂದ ಬರುವ ಶುಲ್ಕ ಮತ್ತು ಸರ್ಕಾರದ ಅನುದಾನವನ್ನು ಬರೆಯಿರಿ. ಉಳಿಯುವ ಕೊರತೆಯೇ ನಿಮ್ಮ ಗುರಿ. ಉದಾಹರಣೆಗೆ ಆ ಕೊರತೆ 40 ಸಾವಿರ ರೂಪಾಯಿ ಎಂದುಕೊಳ್ಳೋಣ. ತಿಂಗಳಿಗೆ 200 ರೂಪಾಯಿ ಕೊಡುವ 200 ಜನ ಸಿಕ್ಕರೆ ಅದು ತುಂಬುತ್ತದೆ. ಇನ್ನೂರು ಜನ ಎಂದರೆ ಒಂದು ಮದುವೆಯ ಮೊದಲ ಪಂಕ್ತಿಯಷ್ಟೂ ಆಗುವುದಿಲ್ಲ.

ಸಂಬಳಕ್ಕೆ ಹಣ ಕೇಳುವುದು ಕಷ್ಟ. ಕೊಡುವವರಿಗೆ ಕಟ್ಟಡ, ಫ್ಯಾನು, ನೀರಿನ ಟಾಕಿ ಇಂಥವು ಇಷ್ಟ, ಏಕೆಂದರೆ ಅವುಗಳ ಮೇಲೆ ಹೆಸರು ಬರೆಸಬಹುದು. ಇದಕ್ಕೆ ನಾವು ಕಂಡುಕೊಂಡ ದಾರಿಯೆಂದರೆ ಸಂಬಳವನ್ನು ಗಂಟೆಯ ಲೆಕ್ಕಕ್ಕೆ ಒಡೆದು ಹೇಳುವುದು: ‘ನಿಮ್ಮ ಇಷ್ಟು ರೂಪಾಯಿ ಒಂದು ಮಗುವಿಗೆ ಈ ತಿಂಗಳು ಇಷ್ಟು ಗಂಟೆಯ ಸ್ಪೀಚ್ ಥೆರಪಿ.’ ಫ್ಯಾನಿನ ಮೇಲೆ ಹೆಸರು ಬರೆಸಲು ಬಂದವರು ಗಂಟೆಯ ಲೆಕ್ಕ ಕೇಳಿ ಒಪ್ಪಿಕೊಂಡದ್ದುಂಟು, ಒಪ್ಪದೆ ಫ್ಯಾನನ್ನೇ ಕೊಟ್ಟು ಹೋದದ್ದೂ ಉಂಟು. ಫ್ಯಾನನ್ನು ತಿರಸ್ಕರಿಸಬೇಕಾಗಿಲ್ಲ, ಇದು ಕಲಬುರಗಿ.

ನಾಲ್ಕನೆಯ ಹೆಜ್ಜೆ: ಅರಿವು ಎಲ್ಲಿ ಬೇಕೋ ಅಲ್ಲಿಗೆ ಒಯ್ಯಿರಿ

ಹೆಚ್ಚಿನ ಅರಿವು ಕಾರ್ಯಕ್ರಮಗಳು ಸಭಾಂಗಣದಲ್ಲಿ, ಆಗಲೇ ಅರಿತವರ ಮುಂದೆ ನಡೆಯುತ್ತವೆ. ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ದೀಪ ಬೆಳಗಿಸಿ, ಹೂಗುಚ್ಛ ಕೊಟ್ಟು, ಐದು ಭಾಷಣ ಮುಗಿಸುವುದರೊಳಗೆ ಹಣವೂ ಮುಗಿದಿರುತ್ತದೆ. ನನ್ನನ್ನು ಕೇಳಿದರೆ ಅದೇ ಶ್ರಮವನ್ನು ಅಂಗನವಾಡಿಗೆ ಒಯ್ಯಬೇಕು. ಎರಡು ವರ್ಷದ ಮಗು ಬೇರೆ ಮಕ್ಕಳಂತಿಲ್ಲ ಎಂಬುದು ಮೊದಲು ಕಣ್ಣಿಗೆ ಬೀಳುವುದು ಅಂಗನವಾಡಿ ಕಾರ್ಯಕರ್ತೆಗೆ ಮತ್ತು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿಯೇ ಮಗುವಿನ ಬೆಳವಣಿಗೆಯ ಹಂತಗಳ ಚಿತ್ರಗಳಿವೆ. ಹೊಸದಾಗಿ ಏನನ್ನೂ ಅಚ್ಚು ಹಾಕಿಸದೆ ಆ ಪುಟವನ್ನೇ ತೆರೆದು ಮಾತಾಡಬಹುದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಅಧಿಕಾರಿಗೆ ಪತ್ರ ಬರೆದು, ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ನಲವತ್ತು ನಿಮಿಷ ಕೇಳಿ. ನಲವತ್ತಕ್ಕಿಂತ ಹೆಚ್ಚು ಕೇಳಬೇಡಿ, ಅವರಿಗೆ ಬೇರೆ ಕೆಲಸ ಬೆಟ್ಟದಷ್ಟಿದೆ.

ನಮ್ಮ ಕಡೆ ತಡವಾಗುವುದಕ್ಕೆ ದೊಡ್ಡ ಕಾರಣ ಅಜ್ಞಾನವೂ ಅಲ್ಲ, ಬಡತನವೂ ಅಲ್ಲ, ಮನೆಯ ಹಿರಿಯರ ಸಮಾಧಾನದ ಮಾತು. “ಅವರಪ್ಪನೂ ನಾಕ ವರ್ಷಕ್ಕೇ ಮಾತಾಡ್ಯಾನ, ಇವನೂ ಮಾತಾಡ್ತಾನ ತಗೋಳವ್ವ, ಅಂಜಬ್ಯಾಡ” ಎಂದು ಅಜ್ಜಿ ಹೇಳಿದ ಮೇಲೆ ಸೊಸೆ ಆಸ್ಪತ್ರೆಯ ಮಾತೆತ್ತುವುದು ಹೇಗೆ? ಆದ್ದರಿಂದ ತಾಯಿಯ ಜತೆ ಅಜ್ಜಿಯನ್ನೂ ಕೂರಿಸಿಕೊಂಡು ಮಾತಾಡಿ. ಹರಕೆ, ತಾಯಿತ, ದರ್ಗಾದ ಸೇವೆ ಇವುಗಳನ್ನು ಹೀಗಳೆಯಲು ಹೋಗಬೇಡಿ. ಹೀಗಳೆದರೆ ಅಲ್ಲಿಗೆ ಮಾತು ಮುಗಿಯಿತು. ‘ಅದೂ ಇರಲಿ, ಇದೂ ಇರಲಿ, ಆದರೆ ಇದು ತಡವಾಗಬಾರದು’ ಎಂದರೆ ಕೇಳುತ್ತಾರೆ.

ಕರಪತ್ರದ ಭಾಷೆ ಗ್ರಂಥದ ಕನ್ನಡದಲ್ಲಿದ್ದರೆ ಓದುವವರಿಲ್ಲ. ನಾವು ಹಂಚಿದ ಒಂದು ಕರಪತ್ರದಲ್ಲಿ ಇಷ್ಟೇ ಇತ್ತು:

“ಕೂಸಿಗಿ ವರ್ಷ ತುಂಬ್ಯಾದ, ಹೆಸರ ಹಿಡದು ಕರದ್ರ ತಿರುಗಿ ನೋಡಂಗಿಲ್ಲೇನು? ಒಂದೂವರಿ ವರ್ಷಾದ್ರೂ ಬೇಕಾದದ್ದರ ಕಡಿ ಬಟ್ಟ ಮಾಡಿ ತೋರಸಂಗಿಲ್ಲೇನು? ಎರಡ ವರ್ಷಾದ್ರೂ ಎರಡ ಮಾತ ಕೂಡಿಸಿ ಆಡಂಗಿಲ್ಲೇನು? ಆಡ್ತಿದ್ದ ಮಾತ ನಿಂತ ಹೋಗ್ಯಾವೇನು? ಕಾಯಬ್ಯಾಡ್ರಿ, ಡಾಕ್ಟರಿಗಿ ತೋರಸ್ರಿ.”

ಕೆಳಗೆ ಎಲ್ಲಿಗೆ ಹೋಗಬೇಕು ಎಂಬುದು ಇರಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದಾಗಿನಿಂದ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ವೈದ್ಯಕೀಯ ತಂಡಗಳು ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ, ಮುಂದಿನ ಪರೀಕ್ಷೆ ಬೇಕಾದವರನ್ನು ಡಿಇಐಸಿ ಎಂದು ಕರೆಯುವ ಜಿಲ್ಲಾಮಟ್ಟದ ಕೇಂದ್ರಕ್ಕೆ ಕಳಿಸುತ್ತವೆ. ಮಾತು ಬಾರದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ ಆಗಬೇಕು ಎಂಬುದನ್ನೂ ಬರೆಯಿರಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ದೊಡ್ಡ ಆಸರೆಗಳೇ, ಆದರೆ ಇಲ್ಲಿಂದ ಸುಮಾರು ಆರುನೂರು ಕಿಲೋಮೀಟರ್, ಇಲ್ಲವೇ ಅದಕ್ಕೂ ಹೆಚ್ಚು ದೂರ. ವಾರಕ್ಕೆ ಮೂರು ದಿನದ ಥೆರಪಿಗೆ ಅಲ್ಲಿಗೆ ಹೋಗಿ ಬರಲಾಗದು. ಸ್ಥಳೀಯ ಸಂಸ್ಥೆ ಏಕೆ ಬೇಕು ಎಂದು ಕೇಳುವ ದಾನಿಗೆ ಇದಕ್ಕಿಂತ ಸರಳವಾದ ಉತ್ತರವಿಲ್ಲ. ಕುಗ್ಗಿಹೋದ ತಾಯಿತಂದೆಯರಿಗಾಗಿ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯೂ ಕರಪತ್ರದ ಮೂಲೆಯಲ್ಲಿರಲಿ.

ಊರಿನ ಭಾಷೆ ಕನ್ನಡವೊಂದೇ ಅಲ್ಲ. ಕರಪತ್ರ ಉರ್ದುವಿನಲ್ಲಿಯೂ ಬೇಕು, ಮಾತು ದಖನಿಯಲ್ಲಿಯೂ ಆಗಬೇಕು. ಚಿಂಚೋಳಿ, ಚಿತ್ತಾಪುರ ಕಡೆಯ ತಾಂಡಾಗಳಿಗೆ ಹೋಗುವಾಗ ಲಂಬಾಣಿ ಬಲ್ಲ ಒಬ್ಬರು ಜತೆಗಿರಬೇಕು. ಆಕಾಶವಾಣಿ ಕಲಬುರಗಿಯ ಕೇಂದ್ರಕ್ಕೆ ಪತ್ರ ಬರೆದು, ವೈದ್ಯರೊಬ್ಬರು ಮತ್ತು ಒಬ್ಬ ತಾಯಿ ಕೂಡಿ ಮಾತಾಡುವ ಕಾರ್ಯಕ್ರಮವನ್ನು ಕೋರಬಹುದು. ವೈದ್ಯರು ಒಬ್ಬರೇ ಮಾತಾಡಿದರೆ ಅದು ಉಪನ್ಯಾಸವಾಗುತ್ತದೆ. ತಾಯಿ ಮಾತಾಡಿದರೆ ಮರುದಿನ ಫೋನು ಬರುತ್ತದೆ.

ಪದಗಳ ವಿಷಯದಲ್ಲಿ ಎಚ್ಚರ. ‘ಹುಚ್ಚ’, ‘ಮಂಕ’, ‘ಬುದ್ಧಿಮಾಂದ್ಯ’ ಎಂಬುವನ್ನು ಬಿಡಬೇಕೆಂದು ಎಲ್ಲರಿಗೂ ಗೊತ್ತು. ‘ನರಳುತ್ತಿರುವ’, ‘ಪಾಪದ ಮಕ್ಕಳು’, ‘ದೇವರ ಮಕ್ಕಳು’ ಎಂಬುವನ್ನೂ ಬಿಡಿ ಎಂದರೆ ಹಲವರಿಗೆ ಅಚ್ಚರಿಯಾಗುತ್ತದೆ. ಕರುಣೆಯಿಂದ ಬಂದ ಹಣ ಒಂದು ಸಲ ಬರುತ್ತದೆ, ಮಗುವನ್ನು ನೆರೆಮನೆಯವರು ಕರುಣೆಯಿಂದ ನೋಡುವುದು ಮಾತ್ರ ನಿತ್ಯವೂ ನಡೆಯುತ್ತದೆ. ಮಗುವಿನ ಮುಖವಿರುವ ಫೋಟೊವನ್ನು ಪಾಲಕರ ಲಿಖಿತ ಒಪ್ಪಿಗೆಯಿಲ್ಲದೆ ಬಳಸಬೇಡಿ. ಒಪ್ಪಿಗೆ ಇದ್ದರೂ ಅಳುವ, ಕೂಗಾಡುವ, ತಲೆ ಚಚ್ಚಿಕೊಳ್ಳುವ ಕ್ಷಣವನ್ನು ಎಂದಿಗೂ ಹಾಕಬೇಡಿ. ಶುಲ್ಕದಲ್ಲಿ ರಿಯಾಯಿತಿ ಪಡೆಯುತ್ತಿರುವ ತಾಯಿಗೆ ‘ಬೇಡ’ ಎನ್ನುವ ಧೈರ್ಯ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಮಗು ಮಾಡಿದ ಚಿತ್ರ, ಸಾಲಾಗಿ ಜೋಡಿಸಿದ ಬಳೆಗಳು, ಚಿತ್ರದ ಕಾರ್ಡು ಹಿಡಿದ ಕೈ, ಇಷ್ಟು ಸಾಕು.

ಐದನೆಯ ಹೆಜ್ಜೆ: ಹಣದ ಕಾಲವನ್ನು ಅರಿತು ಕೇಳಿ

ತಿಂಗಳ ದಾನಿಗಳ ಬಳಗವೇ ಬುನಾದಿ. ಯುಪಿಐ ಆಟೊಪೇ ಅಥವಾ ಬ್ಯಾಂಕಿನ ಸ್ಥಾಯಿ ಸೂಚನೆಯ ಮೂಲಕ ಪ್ರತಿ ತಿಂಗಳ ಒಂದು ನಿಗದಿತ ತಾರೀಖಿಗೆ ಹಣ ತಾನಾಗಿ ಹೋಗುವಂತೆ ಮಾಡಿಸಿ. ನೌಕರರಿಗೆ ಸಂಬಳ ಬಂದ ಮಾರನೆಯ ದಿನವಾದರೆ ಉತ್ತಮ. ಮೊದಲ ಇಪ್ಪತ್ತು ಜನರನ್ನು ವಾಟ್ಸ್‌ಆ್ಯಪ್ ಸಂದೇಶದಿಂದ ಹುಡುಕಬೇಡಿ, ಎದುರು ಕುಳಿತು ಕೇಳಿ. ಶಾಲಾ ಶಿಕ್ಷಕರು, ಬ್ಯಾಂಕ್ ನೌಕರರು, ಔಷಧ ಅಂಗಡಿಯವರು, ನಿವೃತ್ತರು ಇವರೇ ನಮ್ಮ ಅನುಭವದಲ್ಲಿ ಕೈಬಿಡದವರು. ಆ ಇಪ್ಪತ್ತು ಜನರಲ್ಲಿ ಪ್ರತಿಯೊಬ್ಬರೂ ಇನ್ನಿಬ್ಬರನ್ನು ಕರೆತಂದರೆ ಉಳಿದದ್ದು ನಿಧಾನವಾಗಿ ಕೂಡುತ್ತದೆ.

ರೈತರ ಬಳಿ ಜೂನ್ ತಿಂಗಳಲ್ಲಿ ಹಣ ಕೇಳುವುದು ಅವಿವೇಕ. ಬೀಜ ಗೊಬ್ಬರಕ್ಕೆ ಅವರೇ ಸಾಲ ಹುಡುಕುತ್ತಿರುತ್ತಾರೆ. ಕಲಬುರಗಿ ತೊಗರಿಯ ನಾಡು, 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಡಿಸೆಂಬರ್ ಕೊನೆಯಿಂದ ರಾಶಿ ಮುಗಿದು ಮಾಲು ನೆಹರು ಗಂಜಿಗೆ ಬರುವ ಹೊತ್ತು, ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಮನಸ್ಸು ತುಂಬಿರುವ ಹೊತ್ತು, ಅದೇ ಕೇಳುವ ಹೊತ್ತು. ಹಣವೇ ಆಗಬೇಕೆಂದಿಲ್ಲ: ರೈತನೊಬ್ಬ ಒಂದು ಚೀಲ ತೊಗರಿ ಕೊಟ್ಟರೆ ಅದನ್ನು ಅಡತಿಯ ಮೂಲಕ ಅಂದಿನ ಧಾರಣೆಗೆ ಮಾರಿ, ಮಾರಾಟದ ಪಟ್ಟಿಯ ಪ್ರತಿಯನ್ನು ಕೊಟ್ಟವನಿಗೇ ತಲುಪಿಸಿ. ವಸ್ತುರೂಪದ ದೇಣಿಗೆಗೆ 80ಜಿ ರಿಯಾಯಿತಿ ಇಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿಸಬೇಕು.

ರಂಜಾನಿನಲ್ಲಿ ಜಕಾತ್ ಕೊಡುವ ಕುಟುಂಬಗಳು ನಗರದಲ್ಲಿ ಬಹಳ. ಜಕಾತ್ ಯಾರಿಗೆ ಸಲ್ಲಬೇಕೆಂಬುದಕ್ಕೆ ಧಾರ್ಮಿಕ ನಿಯಮವಿರುವುದರಿಂದ ಆ ಹಣವನ್ನು ಕಟ್ಟಡಕ್ಕೋ ಸಾಮಾನ್ಯ ಖರ್ಚಿಗೋ ಬೆರೆಸದೆ, ಅರ್ಹ ಬಡ ಮಕ್ಕಳ ಶುಲ್ಕಕ್ಕಾಗಿ ಪ್ರತ್ಯೇಕ ಲೆಕ್ಕದಲ್ಲಿಟ್ಟು, ತಿಳಿದ ಮೌಲಾನಾರೊಬ್ಬರ ಸಲಹೆ ಪಡೆಯಿರಿ. ಈ ಶಿಸ್ತು ಕಂಡರೆ ಮುಂದಿನ ವರ್ಷ ಕೇಳದೆಯೇ ಕೊಡುತ್ತಾರೆ.

ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ ಎಲ್ಲರೂ ಸಿಎಸ್‌ಆರ್ ಎನ್ನುವುದು, ಬೇರೆಯದೇ ದಾರಿ. ಕಂಪನಿಗಳ ಕಾಯ್ದೆ 2013ರ 135ನೆಯ ಕಲಮಿನ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಇಂತಹ ಕೆಲಸಗಳಿಗೆ ಖರ್ಚು ಮಾಡಬೇಕು, ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿರುವಾಗ ನಾವು ಬೆಂಗಳೂರಿನ ಕಡೆ ನೋಡಬೇಕಾಗಿಲ್ಲ. ಆದರೆ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿರಬೇಕು, ತೆರಿಗೆಯ ನೋಂದಣಿಗಳಿರಬೇಕು, ಸಾಮಾನ್ಯವಾಗಿ ಮೂರು ವರ್ಷದ ಕೆಲಸದ ದಾಖಲೆಯೂ ಇರಬೇಕು. ಏಪ್ರಿಲ್‌ನಿಂದ ಹೊಸ ಹಣಕಾಸು ವರ್ಷ ಆರಂಭವಾಗುವುದರಿಂದ ಚಳಿಗಾಲದಲ್ಲಿಯೇ ಪ್ರಸ್ತಾವನೆ ಕೊಡಿ. ಎರಡು ಪುಟ ಸಾಕು. ಈ ಹಣವನ್ನು ಸಂಬಳಕ್ಕೆ ನೆಚ್ಚಿಕೊಳ್ಳಬೇಡಿ, ಮರುವರ್ಷ ನಿಂತರೆ ಮತ್ತೆ ಅದೇ ಕಥೆ. ಥೆರಪಿ ಕೋಣೆ, ಉಪಕರಣ, ವ್ಯಾನು ಇಂಥ ಒಮ್ಮೆಯ ಖರ್ಚಿಗೆ ಅದು ಸರಿ.

ಸರ್ಕಾರದ ಹಣವನ್ನೂ ಕೇಳುವ ಹಕ್ಕಿದೆ. ನಗರ ಮತ್ತು ಗ್ರಾಮ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯ ಶೇಕಡ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಆ ಹಣದ ಬಳಕೆ ಪ್ರಸ್ತಾವನೆ ಕೊಟ್ಟವರ ಕಡೆ ಹೋಗುತ್ತದೆ, ಸುಮ್ಮನಿದ್ದವರ ಕಡೆ ಹೋಗುವುದಿಲ್ಲ.

ಒಂದು ಬೇಡದ ದಾರಿಯನ್ನೂ ಹೇಳಿಬಿಡುತ್ತೇನೆ. ಕೂಪನ್ ಮಾರಿ ಮೊದಲ ಬಹುಮಾನಕ್ಕೆ ಸ್ಕೂಟಿ ಇಡುವ ‘ಲಕ್ಕಿ ಡ್ರಾ’ ಬೇಗ ಹಣ ತರುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಒಳ್ಳೆಯ ಉದ್ದೇಶವೆಂದು ಪೊಲೀಸ್ ಠಾಣೆಯಲ್ಲಿ ವಾದಿಸುವ ಪ್ರಸಂಗ ತಂದುಕೊಳ್ಳಬೇಡಿ.

ಆರನೆಯ ಹೆಜ್ಜೆ: ಬಂದ ರೂಪಾಯಿಗೆ ಲೆಕ್ಕವಿಡಿ

ಹಣ ಯಾವ ಕಾರಣಕ್ಕೂ ನಿಮ್ಮ ಸ್ವಂತ ಖಾತೆಗಾಗಲಿ ಅಧ್ಯಕ್ಷರ ಫೋನ್ ನಂಬರಿಗಾಗಲಿ ಬರಬಾರದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರೇ ಪರದೆಯಲ್ಲಿ ಕಾಣಬೇಕು. ಪ್ರತಿಯೊಂದು ದೇಣಿಗೆಗೂ ಕ್ರಮಸಂಖ್ಯೆಯಿರುವ ರಸೀದಿ ಕೊಡಿ, ಅದರಲ್ಲಿ ದಾನಿಯ ಹೆಸರು ವಿಳಾಸ ಬರೆಯಿರಿ. ಹೆಸರಿಲ್ಲದ ದೇಣಿಗೆ ಒಂದು ಮಿತಿಯವರೆಗೆ ಮಾತ್ರ ಸರಿ: ವರ್ಷದ ಒಟ್ಟು ದೇಣಿಗೆಯ ಶೇಕಡ 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದ ಅನಾಮಧೇಯ ದೇಣಿಗೆಗೆ ಶೇಕಡ 30ರ ತೆರಿಗೆ ಬೀಳುತ್ತದೆ. ಅಂಗಡಿಗಳಲ್ಲಿ ಡಬ್ಬಿ ಇಡುವವರು ಇದನ್ನು ಮರೆಯುತ್ತಾರೆ. ಡಬ್ಬಿಯಿಟ್ಟರೆ ಇಬ್ಬರ ಎದುರು ತೆರೆದು, ಎಣಿಸಿ, ಇಬ್ಬರ ಸಹಿ ಹಾಕಿಸಿ, ಅದೇ ದಿನ ಬ್ಯಾಂಕಿಗೆ ಕಟ್ಟಿ.

80ಜಿ ನೋಂದಣಿಯಿದ್ದ ಸಂಸ್ಥೆಗೆ ಕೊಟ್ಟ ಹಣದ ಅರ್ಧದಷ್ಟನ್ನು ದಾನಿ ಮಿತಿಗೊಳಪಟ್ಟು ತನ್ನ ತೆರಿಗೆಯ ಆದಾಯದಲ್ಲಿ ಕಳೆಯಬಹುದು, ಆದರೆ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಮಾತ್ರ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಅದು ದೊರೆಯುವುದಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಬಂದಿರುವುದರಿಂದ ಕಲಮು ಮತ್ತು ನಮೂನೆಗಳ ಸಂಖ್ಯೆಗಳು ಬದಲಾಗಿವೆ. ರಸೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ಆಡಿಟರ್‌ಗೆ ತೋರಿಸಿ.

ಅಮೆರಿಕದಲ್ಲಿರುವ ಅಳಿಯ, ದುಬೈಯಲ್ಲಿರುವ ಅಣ್ಣ ಹಣ ಕಳಿಸುತ್ತೇನೆ ಎಂದಾಗ ಒಂದೇ ಪ್ರಶ್ನೆ ಕೇಳಿ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪೌರರು ಬ್ಯಾಂಕಿನ ಮೂಲಕ ಕಳಿಸಿದ ಸ್ವಂತ ಹಣ ವಿದೇಶಿ ವಂತಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರದು ವಿದೇಶಿ ವಂತಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ, ನೋಂದಣಿ ಮತ್ತು ಅದಕ್ಕೆಂದೇ ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ತೆರೆದ ಖಾತೆ ಇಲ್ಲದೆ ಅದನ್ನು ಮುಟ್ಟುವಂತಿಲ್ಲ.

ಏಳನೆಯ ಹೆಜ್ಜೆ: ಏಪ್ರಿಲ್ 2ನ್ನು ಬಿಸಿಲು ನೋಡಿ ಯೋಜಿಸಿ

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2007ರ ಡಿಸೆಂಬರ್‌ನಲ್ಲಿ ನಿರ್ಣಯಿಸಿದಂತೆ 2008ರಿಂದ ಏಪ್ರಿಲ್ 2 ವಿಶ್ವ ಆಟಿಸಂ ಅರಿವಿನ ದಿನ. ನಾವು ಮೊದಲ ವರ್ಷ ಬೆಳಗಿನ ಹತ್ತು ಗಂಟೆಗೆ ಜಗತ್ ವೃತ್ತದಿಂದ ಜಾಥಾ ಹೊರಡಿಸಿದೆವು. ಮುಂದೆ ಡೊಳ್ಳು, ಹಿಂದೆ ಧ್ವನಿವರ್ಧಕದ ಆಟೊ, ನೆತ್ತಿಯ ಮೇಲೆ ಕಲಬುರಗಿಯ ಏಪ್ರಿಲ್ ಬಿಸಿಲು. ಹತ್ತೇ ನಿಮಿಷದಲ್ಲಿ ಇಬ್ಬರು ಮಕ್ಕಳು ಕಿವಿ ಮುಚ್ಚಿಕೊಂಡು ರಸ್ತೆಯಲ್ಲೇ ಕುಳಿತುಬಿಟ್ಟರು. ಯಾರಿಗಾಗಿ ಜಾಥಾ ಮಾಡಿದೆವೋ ಅವರಿಗೇ ಅದು ಹಿಂಸೆಯಾಯಿತು, ತಪ್ಪು ಪೂರ್ತಿ ನಮ್ಮದೇ.

ಮರುವರ್ಷ ಅಪ್ಪನ ಕೆರೆಯ ಸುತ್ತ ಬೆಳಗಿನ ಆರೂವರೆಗೆ ನಡಿಗೆ ಇಟ್ಟುಕೊಂಡೆವು. ಧ್ವನಿವರ್ಧಕ ಇಲ್ಲ, ಚಪ್ಪಾಳೆಯ ಬದಲು ಎರಡೂ ಕೈ ಮೇಲೆತ್ತಿ ಆಡಿಸುವುದು. ನೆರಳಿನಲ್ಲಿ ಒಂದು ಶಾಮಿಯಾನ, ಅದರೊಳಗೆ ಚಾಪೆ, ನೀರು, ಮಾತಾಡಿಸಲು ಯಾರೂ ಇಲ್ಲ. ದಣಿದ ಮಗು ಅಲ್ಲಿ ಕೂರಬಹುದು. ಪ್ರತಿ ಮಗುವಿಗೂ ಒಬ್ಬ ಪರಿಚಿತ ದೊಡ್ಡವರು ಜತೆಗಿರಬೇಕೆಂಬುದು ಕಟ್ಟುನಿಟ್ಟು, ಏಕೆಂದರೆ ಆಟಿಸಂ ಇರುವ ಹಲವು ಮಕ್ಕಳಿಗೆ ನೀರಿನ ಸೆಳೆತ ಬಹಳ, ಕೆರೆಯ ದಂಡೆಯಲ್ಲಿ ಕಣ್ಣು ತಪ್ಪಿಸುವಂತಿಲ್ಲ. ಈ ಅಪಾಯ ಬೇಡ ಎನಿಸಿದರೆ ವಿಶ್ವವಿದ್ಯಾಲಯದ ಆವರಣದಂಥ ಜಾಗಕ್ಕೆ ಅನುಮತಿ ಕೇಳಬಹುದು. ರಸ್ತೆಯಲ್ಲಿ ನಡೆಯುವುದಾದರೆ ಪೊಲೀಸರ ಅನುಮತಿ, ಪಾಲಿಕೆಯ ಜಾಗವಾದರೆ ಪಾಲಿಕೆಯ ಅನುಮತಿ ಮೊದಲೇ ಬೇಕು. ಬ್ಯಾನರಿಗೆ ಒಗಟಿನ ತುಂಡಿನ ಚಿತ್ರ ಹಾಕುವುದು ರೂಢಿ. ಆದರೆ ತಮ್ಮನ್ನು ಬಿಡಿಸಬೇಕಾದ ಒಗಟಿನಂತೆ ತೋರಿಸುವುದನ್ನು ಆಟಿಸಂ ಇರುವ ಅನೇಕ ವಯಸ್ಕರು ಒಪ್ಪುವುದಿಲ್ಲ, ಅನಂತ ಚಿಹ್ನೆಯನ್ನು ಬಳಸುವವರು ಹೆಚ್ಚುತ್ತಿದ್ದಾರೆ.

ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಯಲ್ಲಿ ಮಳಿಗೆ ಹಾಕುವ ಆಸೆಯಿದ್ದರೆ ದೊಡ್ಡವರಷ್ಟೇ ನಿಲ್ಲಿ. ಮಕ್ಕಳು ಮಾಡಿದ ಕಾಗದದ ಚೀಲ, ತಾಯಂದಿರು ಮಾಡಿದ ಶೇಂಗಾ ಹಿಂಡಿ ಮಾರಾಟಕ್ಕಿರಲಿ. ಗದ್ದಲದ ನಡುವೆ ಮಕ್ಕಳನ್ನು ಪ್ರದರ್ಶನಕ್ಕೆ ಕೂರಿಸಬಾರದು.

ಎಂಟನೆಯ ಹೆಜ್ಜೆ: ಕೊಟ್ಟವರಿಗೆ ತಿಳಿಸಿ, ಕುಟುಂಬಗಳಿಗೆ ಹಕ್ಕು ಕೊಡಿಸಿ

ಮೂರು ತಿಂಗಳಿಗೊಮ್ಮೆ ದಾನಿಗಳಿಗೆ ಅರ್ಧ ಪುಟದ ಪತ್ರ ಹೋಗಬೇಕು: ಬಂದದ್ದು ಎಷ್ಟು, ಯಾವುದಕ್ಕೆ ಹೋಯಿತು, ಉಳಿದದ್ದು ಎಷ್ಟು. ಮಗುವಿನ ಹೆಸರು ಬೇಡ. ‘ಒಂದು ಮಗು ಈಗ ಚಪ್ಪಲಿ ತಾನೇ ಹಾಕಿಕೊಳ್ಳುತ್ತದೆ’ ಎಂಬ ಒಂದು ಸಾಲು ಸಾಕು. ಅದಕ್ಕೆ ಎಂಟು ತಿಂಗಳು ಹಿಡಿಯಿತು ಎಂಬುದನ್ನೂ ಬರೆಯಿರಿ, ಕೊಡುವವರಿಗೆ ಕೆಲಸದ ನಿಧಾನಗತಿ ಅರ್ಥವಾಗಲಿ.

ಸಂಸ್ಥೆಯ ಭಾರ ಇಳಿಸುವ ಇನ್ನೊಂದು ಕೆಲಸಕ್ಕೆ ಹಣವೇ ಬೇಡ, ಓಡಾಡುವ ಕಾಲು ಬೇಕು. ಶೇಕಡ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದ್ದರೆ ಮಾಸಾಶನ, ಬಸ್ಸಿನ ರಿಯಾಯಿತಿ ಮೊದಲಾದವುಗಳಿಗೆ ಅರ್ಜಿ ಹಾಕಬಹುದು. ರಾಷ್ಟ್ರೀಯ ನ್ಯಾಸ ಕಾಯ್ದೆ 1999ರ ವ್ಯಾಪ್ತಿಯಲ್ಲಿ ಆಟಿಸಂ ಇರುವುದರಿಂದ ಥೆರಪಿಯ ವೆಚ್ಚವನ್ನೂ ಒಳಗೊಳ್ಳುವ, 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ದೊರೆಯುತ್ತದೆ. ಹದಿನೆಂಟು ತುಂಬಿದವರಿಗೆ ಕಾನೂನುಬದ್ಧ ಪೋಷಕರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ನೇಮಿಸುತ್ತದೆ. ಅರ್ಜಿ ತುಂಬಲು ಬಾರದೆ ಇವನ್ನೆಲ್ಲ ಕಳೆದುಕೊಂಡ ಮನೆಗಳು ಬಹಳ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಪರಿಚಯ ಮಾಡಿಕೊಂಡು ತಿಂಗಳಿಗೊಂದು ಶನಿವಾರ ಅರ್ಜಿ ತುಂಬುವ ದಿನವೆಂದು ಇಟ್ಟುಕೊಳ್ಳಿ. ಪಿಯುಸಿ ಓದುವ ಹುಡುಗರೇ ಇದನ್ನು ಚೆನ್ನಾಗಿ ಮಾಡುತ್ತಾರೆ.

ಮೇ ತಿಂಗಳಲ್ಲಿ ಎರಡು ಕೆಲಸ ಬಾಕಿ ಇರುತ್ತವೆ. ಹಿಂದಿನ ಹಣಕಾಸು ವರ್ಷದ ದಾನಿಗಳ ವಿವರವನ್ನು ಮೇ 31ರೊಳಗೆ ತೆರಿಗೆ ಇಲಾಖೆಗೆ ಸಲ್ಲಿಸಿ ದಾನಿಗಳಿಗೆ ದೇಣಿಗೆಯ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕವಿದೆ, ಅದು ಮಗುವಿನ ಥೆರಪಿಯ ಹಣದಿಂದಲೇ ಹೋಗುತ್ತದೆ. ಎರಡನೆಯದು, ಆಟೊಪೇ ನಿಂತುಹೋದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಫೋನು ಮಾಡುವುದು. ಹೆಚ್ಚಿನವರದು ಬ್ಯಾಂಕ್ ಖಾತೆಯೋ ಮೊಬೈಲೋ ಬದಲಾಗಿರುತ್ತದೆ ಅಷ್ಟೆ. “ಹೌದೇನ್ರಿ, ಹೋಗಾದು ನಿಂತದೇನು? ನನಗ ಗೊತ್ತೇ ಆಗಿಲ್ಲರಿ” ಎನ್ನುತ್ತಾರೆ, ಅಂದೇ ಸಂಜೆ ಮತ್ತೆ ಹಚ್ಚಿಕೊಡುತ್ತಾರೆ.